ತುರಿಸದ ಕಿವಿ

“ಅತ್ತಾಗ ಸರದು ನಿಂದ್ರಲೇ ಸಕ್ರ್ಯಾ, ಹಾಟ್ಯಾನಮಗನ. ಮಿಲ್ಲಿನ ಸಾಹೇಬ್ರು ಬರೋ ಹೊತ್ತು. ಜಳಕಾ ಮಾಡಿ ಎಷ್ಟ ದಿನಾ ಆತು?”

ಗದಗಿನ ಹತ್ತಿ ಅಡತಿ ಅಂಗಡಿಯಲ್ಲಿ ಅಂದಾನಪ್ಪ ಸಾಹುಕಾರರು ಹೀಗೆ ಅಂದದ್ದು ಎಪ್ಪತ್ತಾರನೆಯ ಇಸವಿಯಲ್ಲಿ. ಹೆಸರಿಗೆ ನಾನು ಕಸ ಹೊಡೆಯುವವನು, ಹತ್ತಿ ತುಂಬಿದ ಅಂಡಿಗೆ ಹೊರುವವನು. ನಿಜವಾದ ಕೆಲಸ ಬೇರೆ. ಹತ್ತಿಯ ಎಳೆಯನ್ನು ಕಿವಿಯ ಹತ್ತಿರ ಹಿಡಿದು ಹರಿದರೆ ಅದು ಮಾತಾಡುತ್ತದೆ. ಹೊಸದಾದರೆ ಚಿಟ್ ಅನ್ನುತ್ತದೆ. ಹೋದ ವರ್ಷದ್ದಾದರೆ ಬಾಯೇ ಬಿಡುವುದಿಲ್ಲ. ಆ ಸಪ್ಪಳದ ಮುಂದೆ ನನಗೆ ರೊಟ್ಟಿಯೂ ನೆನಪಾಗುತ್ತಿರಲಿಲ್ಲ.

ಸಾಹುಕಾರರಿಗೆ ಅದು ಕೇಳುತ್ತಿರಲಿಲ್ಲ. ಅದಕ್ಕೇ ಹನ್ನೆರಡು ವರ್ಷದಿಂದ ನಮ್ಮಿಬ್ಬರಲ್ಲಿ ಒಂದು ಕರಾರು. ಅಂಡಿಗೆ ಸುರಿಯುತ್ತ ನಾನು ಒಂದು ಎಳೆ ಹರಿದು ಕೇಳಿಕೊಂಡು ಮೂಲೆಗೆ ನಿಲ್ಲಬೇಕು. ಅವರು ರಾಶಿಗೆ ಕೈ ಹಾಕಿ ಕಣ್ಣು ಮುಚ್ಚಿದಂತೆ ಮಾಡಿ ನನ್ನತ್ತ ನೋಡಬೇಕು. ನಾನು ಬಲಗಿವಿ ತುರಿಸಿದರೆ ಮಾಲು ಚೊಕ್ಕ, ಎಡಗಿವಿ ತುರಿಸಿದರೆ ಕಲಬೆರಕೆ. ‘ಸಾಹುಕಾರ್ರ ಬೆರಳಿಗೆ ಕಣ್ಣದಾವ’ ಎಂದು ಪೇಟೆಯೆಲ್ಲ ಅನ್ನುತ್ತಿತ್ತು.

ಕಸ ಹೊಡೆಯುತ್ತಲೇ ಕೇಳಿದೆ. “ಧಣಿ, ಇವತ್ತರ ಸಾಹೇಬ್ರಿಗೆ ಹೇಳ್ರಿ, ಹತ್ತಿ ನೋಡಾಂವ ಸಕ್ರಪ್ಪ ಅಂತ. ಮತ್ತೇನೂ ಬ್ಯಾಡ.”

ಗುಮಾಸ್ತ ಶ್ರೀನಿವಾಸ ಕಿಸಕ್ಕನೆ ನಕ್ಕ. ಸಾಹುಕಾರರೂ ನಕ್ಕರು.

“ಕಸಬರಿಗಿಗೆ ಯಾರರ ಪಟಗಾ ಸುತ್ತತಾರೇನಲೇ? ಕೇರಿಯಾಂವ ಹತ್ತಿ ನೋಡ್ತಾನಂದ್ರ ಪ್ಯಾಟ್ಯಾಗ ನನ್ನ ಮಾರಿ ಏನ ಉಳೀತೈತಿ? ಹೋಗ, ಮೊದಲ ಮೈ ತೊಳಕೊಂಡ ಬಾ.”

ಹೋದೆ. ನಳದ ಕೆಳಗೆ ಕುಳಿತು ಕಿವಿಯ ಸಂದಿಯನ್ನೂ ಬಿಡದೆ ತಿಕ್ಕಿದೆ.

ಸಾಹೇಬರು ಎರಡು ಅಂಡಿಗೆ ಜೊತೆಗೇ ತಂದಿದ್ದರು. “ಒಂದರಾಗ ಹೋದ ವರ್ಷದ್ದು ಕಲಿಸೇವಿ. ಯಾವ್ದು ಹೇಳ್ರಿ ಸಾಹುಕಾರ್ರ. ಹೇಳಿದ್ರ ಈ ಸಲದ ಖರೀದಿ ಎಲ್ಲಾ ನಿಮ್ಮ ಕೈಲೆ.”

ಸುರಿದೆ. ಎಳೆ ಹರಿದೆ. ಒಂದು ಚಿಟ್ ಅಂದಿತು, ಇನ್ನೊಂದು ಅನ್ನಲಿಲ್ಲ. ಮೂಲೆಗೆ ಹೋಗಿ ಎರಡೂ ಕೈಯಿಂದ ಕಸಬರಿಗೆ ಹಿಡಿದು ನಿಂತೆ.

ಸಾಹುಕಾರರು ಒಂದು ರಾಶಿಗೆ ಕೈ ಹಾಕಿ ನನ್ನತ್ತ ನೋಡಿದರು. ನಾನು ತೊಲೆ ನೋಡಿದೆ. ಇನ್ನೊಂದಕ್ಕೆ ಹಾಕಿದರು. ನಾನು ತೊಲೆಯ ಮೇಲಿನ ಗುಬ್ಬಿ ನೋಡಿದೆ. ಅವರು ತಮ್ಮ ಕಿವಿಯನ್ನೇ ತುರಿಸಿ ತೋರಿಸಿದರು. ಮೊದಲು ಬಲ, ಆಮೇಲೆ ಎಡ.

“ಸಕ್ರಪ್ಪ,” ಅಂದರು. ‘ಅಪ್ಪ’ ಹಚ್ಚಿ ಕರೆದದ್ದು ಅದೇ ಮೊದಲು. “ಕಿವಿ ಕಡ್ಯಾಕತ್ತಿಲ್ಲೇನ?”

“ಇಲ್ರಿ ಧಣಿ. ಜಳಕಾ ಮಾಡಿ ಬಂದೇನಿ.”

ಸಾಹೇಬರು ಗಡಿಯಾರ ನೋಡಿಕೊಂಡರು. ಸಾಹುಕಾರರ ಎರಡೂ ಕೈ ಎರಡು ರಾಶಿಯಲ್ಲಿ ಮೊಣಕೈತನಕ ಹುಗಿದಿದ್ದವು. ಖರೆ ಹೇಳಬೇಕೆಂದರೆ, ಅಷ್ಟೊತ್ತಿಗೆ ನನ್ನ ಎರಡೂ ಕಿವಿ ಬೆಂಕಿಯ ಹಾಗೆ ಕಡಿಯುತ್ತಿದ್ದವು. ಕಸಬರಿಗೆಯನ್ನು ಇನ್ನಷ್ಟು ಗಟ್ಟಿ ಹಿಡಿದೆ.