ಉಪ್ಪು ಬೆರೆಸಿದ ಐಸ್

ಊರೆಲ್ಲ ಮಂಜಣ್ಣ ಎಂದು ಕರೆಯುವ ನನ್ನ ಗಂಡ ಮೂವತ್ತು ವರ್ಷ ಹಂಗಾರಕಟ್ಟೆಯ ಬೋಟು ನಿಲ್ಲುವ ದಕ್ಕೆಯಲ್ಲಿ ಮೀನಿಗೆ ಐಸ್ ಹಾಕಿದವರು. ಅವರ ಕೈಯಲ್ಲಿ ಒಂದು ಬಂಗ್ಡೆ ಮೀನು ಕೆಟ್ಟದ್ದನ್ನು ನಾನು ಕಂಡಿಲ್ಲ. ಕೆಟ್ಟದ್ದು ನನ್ನ ರಕ್ತ, ಅದೂ ಐಸ್ ಹಾಕಿದ್ದರಿಂದಲೇ.

ನನಗೆ ಅಂಡಾಶಯದ ಕ್ಯಾನ್ಸರ್. ಗೊತ್ತಾಗುವಾಗ ಹೊಟ್ಟೆಯೊಳಗೆಲ್ಲ ಹರಡಿ ಆಗಿತ್ತು. ಅದಕ್ಕೂ ಮುಂಚೆ ಸುಮಾರು ಒಂದು ವರ್ಷ, ಎರಡು ತುತ್ತು ಉಣ್ಣುವುದರೊಳಗೆ ಹೊಟ್ಟೆ ತುಂಬುತ್ತಿತ್ತು. ಗ್ಯಾಸ್ ಎಂದು ಸೋಡಾ ಕುಡಿದುಕೊಂಡು ಮೀನು ಮಾರಿದೆ. ನನ್ನ ಅಮ್ಮನೂ ಹೊಟ್ಟೆ ಉಬ್ಬಿಯೇ ಸತ್ತದ್ದು, ಆ ಕಾಯಿಲೆಯ ಹೆಸರು ಆಗ ಯಾರೂ ಕೇಳಲಿಲ್ಲ. ಈಗ ನನ್ನ ಮೂರು ಕಿಮೋ ಮುಗಿದಿದೆ, ಮೂರು ಬಾಕಿ. ಮೂವತ್ತು ಕಿಲೋ ಬುಟ್ಟಿ ತಲೆಯಲ್ಲಿ ಹೊತ್ತು ಮನೆಮನೆ ತಿರುಗಿದವಳು, ದಣಿವು ಎಂದರೇನೆಂದು ಗೊತ್ತಿದೆ ಎಂದುಕೊಂಡಿದ್ದೆ. ಏನೂ ಗೊತ್ತಿರಲಿಲ್ಲ. ಈಗ ಬರೀ ಬೋಳು ತಲೆಯೇ ಭಾರ.

ದೊಡ್ಡಾಸ್ಪತ್ರೆಯ ಡಾಕ್ಟರ್ ಯಾಮಿನಿ ಒಂದು ಸಂಶೋಧನೆಗೆ ನನ್ನ ರಕ್ತ ಕೇಳಿದ್ದರು. ಮೈಯೊಳಗಿನ ಜೀವಕೋಶಗಳು ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನು ಹೊರಗೆ ಬಿಡುತ್ತವಂತೆ. ಎಕ್ಸೋಸೋಮ್ ಎಂದು ಹೆಸರು. ಕ್ಯಾನ್ಸರ್ ಕೋಶ ಬಿಟ್ಟ ಚೀಲದಲ್ಲಿ ಕ್ಯಾನ್ಸರಿನದೇ ಗುರುತು ಇರುತ್ತದೆ. ಅದನ್ನು ರಕ್ತದಲ್ಲಿ ಹಿಡಿಯಲು ಕಲಿತರೆ ಕಾಯಿಲೆ ಹರಡುವ ಮೊದಲೇ ಪತ್ತೆ ಮಾಡಬಹುದು, ಮುಂದೊಂದು ದಿನ ಅಂಥ ಚೀಲದಲ್ಲೇ ಮದ್ದು ತುಂಬಿಸಿ ಕಳಿಸಲೂಬಹುದು. ನನಗೆ ಕೂಡಲೇ ಅರ್ಥವಾಯಿತು. ಬುಟ್ಟಿಯಿಂದ ಸೋರುವ ನೀರು ನೋಡಿ ಒಳಗಿನ ಮೀನು ಯಾವತ್ತಿನದೆಂದು ನಾನು ಹೇಳುವುದಿಲ್ಲವೇ?

"ಇದರಿಂದ ನಿಮಗೇನೂ ಪ್ರಯೋಜನ ಇಲ್ಲ ವನಜಮ್ಮ. ಕಲಿಯೋದಕ್ಕೇ ಇನ್ನೂ ವರ್ಷಗಳು ಬೇಕು," ಎಂದರು ಯಾಮಿನಿ. ಮುಚ್ಚುಮರೆ ಇಲ್ಲದ ಹೆಂಗಸು.

"ನನ್ ಮಗ್ಳಿಗ್ ಆತ್ತಾ?"

"ಆಗಬಹುದು."

ನನಗೆ ಅಷ್ಟು ಸಾಕಿತ್ತು. ಮಗಳು ಸೌಜನ್ಯಳಿಗೆ ಇಪ್ಪತ್ತೇಳು ವರ್ಷ. ಮೊದಲ ಕಿಮೋದ ಮುಂಚೆ ಒಮ್ಮೆ, ನಾಲ್ಕನೆಯದರ ಮುಂಚೆ ಒಮ್ಮೆ, ಎಲ್ಲ ಮುಗಿದ ಮೇಲೆ ಒಮ್ಮೆ ರಕ್ತ ಕೊಡಬೇಕು. ಒಂದು ತಪ್ಪಿದರೂ ನನ್ನ ಹೆಸರು ಬಿಡುತ್ತಾರೆ.

ನಾಲ್ಕನೆಯದರ ಹಿಂದಿನ ದಿನ ಸಂಶೋಧನೆಯ ನರ್ಸ್ ಸುಗುಣಾ ಕೋಟದಿಂದ ಮನೆಗೇ ಬಂದಳು. ನರ ಸಿಗದೆ ನಾಲ್ಕು ಕಡೆ ಚುಚ್ಚಿದಳು. ಅವಳಿಗೆ ಶಂಕರನಾರಾಯಣ ಎಂಬ ಊರಿನಲ್ಲಿ ಇನ್ನೊಬ್ಬರ ರಕ್ತ ತೆಗೆಯಲಿತ್ತು. ನನ್ನ ರಕ್ತದ ಟ್ಯೂಬುಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ನಿಲ್ಲಿಸಿ, "ಹನ್ನೊಂದಕ್ಕೆ ಲ್ಯಾಬಿನ ಅಕ್ಷಯ್ ಬೈಕಲ್ ಬಂದ್ ತಕಂಡ್ ಹೋತ. ಪೆಟ್ಗಿ ಹೀಂಗೇ ನೆಟ್ಟಗೆ ಇರ್ಲಿ ವನಜಕ್ಕ," ಎಂದು ಹೇಳಿ ಹೋದಳು. ಐಸಿನ ಮಾತು ಅವಳು ಎತ್ತಲಿಲ್ಲ. ಎತ್ತಬೇಕೆಂದು ಅವಳಿಗೆ ಹೊಳೆಯುವುದಾದರೂ ಹೇಗೆ?

ನಾನು ಮಲಗಿದೆ. ಅಕ್ಷಯನ ಬೈಕ್ ಪಂಕ್ಚರ್ ಆಗಿ ಅವನು ಬರುವಾಗ ಗಂಟೆ ಒಂದು. ಸಂಜೆ ಸುಗುಣಾಳ ಫೋನ್ ಬಂತು. ಪೆಟ್ಟಿಗೆ ತುಂಬ ಪುಡಿ ಐಸ್, ಮೇಲೆ ಕಲ್ಲುಪ್ಪು. ಉಪ್ಪಿಗೆ ಐಸ್ ಇನ್ನಷ್ಟು ಕೊರೆದು ರಕ್ತವೇ ಐಸಾಗಿ ಕಣಗಳೆಲ್ಲ ಒಡೆದುಹೋಗಿವೆ, ಇನ್ನು ಅದರಲ್ಲಿ ಎಕ್ಸೋಸೋಮ್ ಹುಡುಕಿ ಫಲವಿಲ್ಲ.

"ಹ್ವಾಯ್, ಎಂತ ಮಾಡಿದ್ರಿ ನೀವ್?" ಎಂದು ಗಂಡನ ಮೇಲೆ ಹಾರಿದೆ.

"ಬಿಸ್ಲ್ ಕಾಣ್. ಎರ್ಡ್ ಗಂಟಿ ಐಸ್ ಇಲ್ದಿರೆ ಬಂಗ್ಡಿಯೇ ನಿಲ್ಲುದಿಲ್ಲ. ಹಾಳಾಪ್ದ್ ಬ್ಯಾಡ ಅಂದೇಳಿ ಉಪ್ ಬೆರ್ಸಿಯೇ ಹಾಕ್ದೆ."

"ನನ್ ರಕ್ತ ಬಂಗ್ಡಿಯಾ?"

ಅವರು ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ಸಿಸ್ಟರೇ, ನನ್ನದ್ ತೆಗ್ದ್ರೆ ಆತ್ತಾ? ಎಷ್ಟ್ ಬೇಕಾರೂ ತೆಗಿನಿ," ಎಂದರು.

"ನಿಮ್ಗ್ ಅಂಡಾಶಯ ಇಲ್ಯಲೆ ಮಂಜಣ್ಣ," ಎಂದಳು ಸುಗುಣಾ. ನಗಲೂ ಆಗದೆ ಬಿಡಲೂ ಆಗದೆ ಅವಳ ಸ್ವರ ಸಣ್ಣದಾಯಿತು. "ನಾಳೆ ಡ್ರಿಪ್ ಹಾಕೂಕೆ ಮುಂಚೆ ಆಸ್ಪತ್ರಿಯಂಗೇ ತೆಗಿಲಕ್. ಆರೆ ಅಕ್ಕಂಗ್ ಮತ್ ಚುಚ್ಕಾತ್ತ್."

"ನಂಗ್ ಸಾಕ್. ನನ್ ಹೆಸ್ರ್ ಬಿಡೂಕ್ ಹೇಳಿ," ಎಂದೆ. ಸಿಟ್ಟಿಗೆ ಹೇಳಿದ್ದಲ್ಲ. ಡ್ರಿಪ್ಪಿಗೆ ಒಂದು ನರ ಸಿಕ್ಕಿದರೆ ಪುಣ್ಯ ಎನ್ನುವ ಸ್ಥಿತಿ ನನ್ನದು. ರಾತ್ರಿ ಗಂಡ ಊಟಕ್ಕೆ ಕೂರಲಿಲ್ಲ, ನಾನು ಕರೆಯಲೂ ಇಲ್ಲ.

ಬೆಳಿಗ್ಗೆ ಸೌಜನ್ಯ ತ್ರಾಸಿಯಲ್ಲಿರುವ ಗಂಡನ ಮನೆಯಿಂದ ಬಂದು ಬ್ರಹ್ಮಾವರದಲ್ಲಿ ನಮ್ಮನ್ನು ಕೂಡಿಕೊಂಡಳು. ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲಿಗೆ ಹೋದೆವು. ನನಗೆ ಬರೀ ಚಾ. ಅವಳು ಎರಡು ಇಡ್ಲಿ ತರಿಸಿ, ಅರ್ಧ ತಿಂದು ಪ್ಲೇಟು ಸರಿಸಿದಳು.

"ಸಾಕಮ್ಮ. ಹೊಟ್ಟಿ ತುಂಬ್ತ್."

ಚಾದ ಲೋಟ ನನ್ನ ಕೈಯಲ್ಲೇ ನಿಂತಿತು. ಅದು ನನ್ನದೇ ಮಾತು. ಒಂದು ವರ್ಷ ದಿನಕ್ಕೆರಡು ಸಲ ನಾನು ಹೇಳಿದ ಮಾತು.

"ಎಷ್ಟ್ ದಿನ ಆಯ್ತ್ ಹೀಂಗೆ?"

"ಎಂತ ಎಷ್ಟ್ ದಿನ? ನಿನ್ ಚಿಂತಿಗೇ ಹಸಿವ್ ಆತಿಲ್ಲ, ಅಷ್ಟೆ."

ಅಷ್ಟೇ ಇರಬಹುದು. ನನ್ನ ಬಳಿಯೂ ಆಗ ಇಂಥ ನೂರು ಕಾರಣ ಇದ್ದವು.

ಆಸ್ಪತ್ರೆ ಮುಟ್ಟಿದ ಕೂಡಲೇ ಯಾಮಿನಿಯವರಿಗೆ ಹೇಳಿದೆ. ಅವರು ನನ್ನ ಅಮ್ಮನ ವಿಷಯ ಕೇಳಿ, ಸೌಜನ್ಯಳ ಹೊಟ್ಟೆ ಒತ್ತಿ ನೋಡಿ, ಸೋಮವಾರಕ್ಕೆ ಸ್ಕ್ಯಾನ್ ಬರೆದುಕೊಟ್ಟರು. "ಹೆದರಬೇಡಿ, ಹೊಟ್ಟೆ ತುಂಬಿದ್ದೆಲ್ಲ ಇದೇ ಕಾಯಿಲೆ ಅಲ್ಲ," ಎಂದರು.

"ಸ್ಕ್ಯಾನ್ ಸರಿ ಬಂದ್ರೆ ಮುಂದೆಂದೂ ಬತ್ತಿಲ್ಲ ಅಂದೇಳಿಯಾ?"

"ಹಾಗೆ ಹೇಳುವ ಪರೀಕ್ಷೆ ಇನ್ನೂ ನಮ್ಮ ಹತ್ತಿರ ಇಲ್ಲ ವನಜಮ್ಮ."

ನಾನು ಸುಗುಣಾಳ ಮುಂದೆ ಕೂತು ಕೈ ಚಾಚಿದೆ. "ತೆಗಿ ಮಾರಾಯ್ತಿ."

ಎಡಗೈಯಲ್ಲಿ ಎರಡು ಸಲ ತಪ್ಪಿತು. ಮಣಿಕಟ್ಟಿನಲ್ಲಿ ಮೂರನೆಯದಕ್ಕೆ ಸಿಕ್ಕಿತು. ನೋವಿಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಟ್ಯೂಬುಗಳು ತುಂಬುವವರೆಗೂ ಗಂಡ ಬಾಗಿಲ ಬಳಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು, ಏನನ್ನಾದರೂ ಮುಟ್ಟಿಬಿಟ್ಟೇನು ಎನ್ನುವ ಹೆದರಿಕೆಯಲ್ಲಿ. ಆ ಕೈಗಳು ನನಗೆ ನೋಡದೆಯೂ ಗೊತ್ತು. ಮೂವತ್ತು ವರ್ಷದ ಐಸಿಗೆ ಬೆರಳ ತುದಿಯೆಲ್ಲ ಬೆಳ್ಳಗೆ ಸತ್ತುಹೋಗಿದೆ.

"ಹ್ವಾಯ್, ಬನಿ. ಇದನ್ ಲ್ಯಾಬಿಗ್ ತಕಂಡ್ ಹೋಯ್ನಿ," ಎಂದೆ.

ಸುಗುಣಾ ನನ್ನ ಮುಖ ನೋಡಿ, ಪೆಟ್ಟಿಗೆ ಅವರ ಕೈಗೆ ಕೊಟ್ಟಳು.

"ಐಸ್?" ಎಂದು ಕೇಳಿದರು.

"ಬ್ಯಾಡ ಮಂಜಣ್ಣ."

ಲ್ಯಾಬ್ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟ್ ಕುಲುಕುತ್ತದೆ ಎಂದು ಅವರು ಪೆಟ್ಟಿಗೆಯನ್ನು ಎದೆಗೆ ಹಿಡಿದು ಮೆಟ್ಟಿಲು ಹತ್ತಿ ಹೋದರು. ಬೆವರಿಕೊಂಡು ಬಂದು, "ರಕ್ತ ಸರಿ ಇತ್ತಂಬ್ರ್," ಎಂದರು.

ಡ್ರಿಪ್ಪಿಗೆ ಕೊನೆಗೆ ಕಾಲಿನಲ್ಲಿ ಒಂದು ನರ ಸಿಕ್ಕಿತು. ಮದ್ದು ಇಳಿಯತೊಡಗಿತು. ಸೌಜನ್ಯ ಸ್ಕ್ಯಾನಿನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದಳು. ಗಂಟೆ ಹನ್ನೆರಡಾಯಿತು, ಒಂದಾಯಿತು. ನಾನು ಕಣ್ಣು ಮುಚ್ಚಿಕೊಂಡು, ಇವಳು ಒಮ್ಮೆ ಹಸಿವಾಯಿತು ಎಂದು ಹೇಳಲಿ ಎಂದು ಕಾಯುತ್ತಿದ್ದೆ.