ದೇರಾ ಸುತ್ತಿ ಬಂದ ಇಗರ್ಜಿ

ಒಂದು ಇಗರ್ಜಿಯನ್ನು ಪಿಕಪ್‌ನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ದುಬೈಯ ದೇರಾ ಪೇಟೆ ಇಡೀ ತೋರಿಸಿದ ಡ್ರೈವರ್ ಭೂಮಿಯ ಮೇಲೆ ನಾನೊಬ್ಬನೇ. ಈ ಪೂವಪ್ಪ ಬಂದನೆಂದರೆ ಜೆಬೆಲ್ ಅಲಿ ಬಂದರಿನ ಕ್ರೇನುಗಳೂ ಕತ್ತು ಬಗ್ಗಿಸುತ್ತವೆ. ನಾನು ರಿವರ್ಸ್ ಹಾಕಿದರೆ ಒಂಟೆಗಳು ಕಲಿಯಲು ನಿಲ್ಲುತ್ತವೆ.

೨೦೧೩ರ ಜನವರಿಯಲ್ಲಿ ನಮ್ಮ ಕಂಪನಿಗೆ ಅಬುಧಾಬಿಯಾಚೆಯ ಒಂದು ದ್ವೀಪದಲ್ಲಿ ಕೆಲಸ ಸಿಕ್ಕಿತು. ಪಿಕಪ್ ಸಮೇತ ಬಾರ್ಜ್ ಹತ್ತಿದೆ. ಸಮುದ್ರ ಎಷ್ಟು ನಿಶ್ಚಲವಾಗಿತ್ತೆಂದರೆ ಮೇಲಿನ ಆಕಾಶ ಯಾವುದು, ಕೆಳಗಿನದು ಯಾವುದು ತಿಳಿಯದೆ ಒಂದು ಕಡಲಕಾಗೆ ತಲೆಕೆಳಗಾಗಿ ಹಾರುತ್ತಿತ್ತು. ದ್ವೀಪವೂ ನೆಲಕ್ಕೆ ಅಂಟಿರಲಿಲ್ಲ. ಬಿಳಿ ಮಂಜಿನ ಮೇಲೆ ತೇಲುತ್ತಿತ್ತು.

ಅಲ್ಲಿ ಮೊಣಕಾಲೆತ್ತರದ ಕೆಲವು ಗೋಡೆಗಳಿದ್ದವು. ಮೇಲೆ ಹರಿದ ತಗಡಿನ ಮಾಡು, ಸುತ್ತ ಬಾಗಿದ ಬೇಲಿ, ಬಿಸಿಲು ನೆಕ್ಕಿ ಅಕ್ಷರ ಅಳಿದ ಬೋರ್ಡು. ಒಳಗೆ ಆಡುಗಳು.

ಎಂಜಿನಿಯರ್ ಪೃಥ್ವಿರಾಜ್, ನಮ್ಮ ಕಾಪುವಿನ ಹುಡುಗ, ಗೋಡೆಗಳನ್ನೂ ಸೇರಿಸಿ ಮರಳಿನ ಮೇಲೆ ಸುಣ್ಣದ ಗೆರೆ ಎಳೆಸಿದ್ದ. "ಹಳೆ ಆಡಿನ ಹಟ್ಟಿ ಇದು ಪೂವಪ್ಪ. ಶನಿವಾರ ಲೋಡರ್ ಬರ್ತದೆ. ಸಮ ಮಾಡಿ ಜನರೇಟರ್ ಇಡುವಾ. ಒಳಗಿನ ಕಸ ಎಲ್ಲ ನೀನು ತಕೊಂಡು ಹೋಗು."

ದ್ವೀಪದಲ್ಲೇ ಹುಟ್ಟಿ ಬೆಳೆದ ಕಾವಲುಗಾರ ಅಹ್ಮದ್, ಹಾಯಿಯಂತೆ ಗಡ್ಡ ಬಿಟ್ಟ ಮುದುಕ, ಆ ಗೆರೆ ಕಂಡು ಓಡಿ ಬಂದ. ಮರಳು ಬಗೆದು ಒಂದು ಗಾರೆಯ ಹಲಗೆ ತೆಗೆದ. ಅದರ ಮೇಲೆ ಕೊಳೆ ಗಟ್ಟಿ ಕೂತಿತ್ತು. ಅದನ್ನು ನನ್ನ ಮುಂದೆ ಹಿಡಿದು, "ಹಾದಾ ದೈರ್! ದೈರ್!" ಎಂದು ಕೂಗಿದ.

ಅರಬ್ಬಿಯಲ್ಲಿ ನಾನು ಪಂಡಿತ. ಯಲ್ಲಾ ಅಂದರೆ ನಡೆ, ಖಲಾಸ್ ಅಂದರೆ ಮುಗೀತು, ಮಾಫಿ ಅಂದರೆ ಇಲ್ಲ, ಮೂರೂ ಬರುತ್ತವೆ. "ದೇರಾನಾ ಬಾಬಾ? ದೇರಾಕ್ಕೆ ಕೊಡಬೇಕಾ? ಯಲ್ಲಾ!" ಎಂದು ಹಲಗೆ ಕಿತ್ತುಕೊಂಡು ಹೊರಟೆ. ಬಾರ್ಜ್ ದಡ ಬಿಡುವವರೆಗೂ ಮುದುಕ ನೀರಿನಂಚಿನಲ್ಲಿ ಕೈ ಬೀಸುತ್ತಿದ್ದ. ಎಂಥ ಪ್ರೀತಿ ಎಂದುಕೊಂಡು ನಾನೂ ಬೀಸಿದೆ.

ದೇರಾದಲ್ಲಿ ನನಗೆ ಗೊತ್ತಿಲ್ಲದ ಗಲ್ಲಿ ಇನ್ನೂ ಹುಟ್ಟಿಲ್ಲ. ಮಸಾಲೆ ಅಂಗಡಿ, ಚಿನ್ನದ ಅಂಗಡಿ, ಮೀನಿನ ಮಾರ್ಕೆಟ್, ಎಲ್ಲ ಕಡೆ ಕೇಳಿದೆ. ಯಾರೂ ನನ್ನದೆನ್ನಲಿಲ್ಲ. ಕೊನೆಗೆ ಬರ್ ದುಬೈಯ ನಮ್ಮ ರೂಮಿಗೇ ತಂದು ನನ್ನ ಬೆಡ್ಡಿಗೆ ಒರಗಿಸಿದೆ.

ರೂಮ್‌ಮೇಟ್ ರುಡೊಲ್ಫ್, ಶಿರ್ವದವರು, ಊರಿನ ಇಗರ್ಜಿಯಲ್ಲಿ ಹಾಡುತ್ತಿದ್ದವರು, ನಾನು ಪೊರ್ಬುಲೇ ಎಂದು ಕರೆಯುವವರು, ಒದ್ದೆ ಬಟ್ಟೆ ತಂದು ಕೊಳೆ ಒರೆಸಲು ಕೂತರು. ಮೊದಲು ಒಂದು ಎಲೆ ಬಂತು. ಆಮೇಲೆ ದ್ರಾಕ್ಷಿ ಗೊಂಚಲು. ಆಮೇಲೆ ಬಳ್ಳಿಯ ನಡುವಿನಿಂದ ಒಂದು ಶಿಲುಬೆ, ನೀರಿನಿಂದ ತಲೆ ಎತ್ತಿದವರ ಹಾಗೆ, ಮೆಲ್ಲಗೆ.

ರುಡೊಲ್ಫರ ಕೈ ನಿಂತಿತು. "ಪೂವಪ್ಪಣ್ಣ, ಇದು ಎಲ್ಲಿಂದ?"

"ಒಂದು ಆಡಿನ ಹಟ್ಟಿಯಿಂದ ಪೊರ್ಬುಲೇ. ದೇರಾದವರದ್ದಂತೆ."

ಚಹಾ ಕೊಡಲು ಬಂದಿದ್ದ ಕೆಫೆಟೇರಿಯಾದ ಬದ್ರುದ್ದೀನ್ ಬ್ಯಾರಿ, ಮದ್ರಸದಲ್ಲಿ ಅರಬ್ಬಿ ಕಲಿತವನು. "ಮುದುಕ ಎಂತ ಹೇಳಿದ್ದು, ಸರಿಯಾಗಿ ಹೇಳು."

"ದೈರ್, ದೈರ್ ಅಂತ."

ಬದ್ರುದ್ದೀನ್ ಚಹಾ ಚೆಲ್ಲುವಷ್ಟು ನಕ್ಕ. "ದೈರ್ ಅಂದ್ರೆ ಕ್ರಿಸ್ತರ ಸನ್ಯಾಸಿಗಳ ಮಠ ಮಾರಾಯ! ಇಲ್ಲಿ ಹಿಂದೆ ಇತ್ತಂತೆ, ಸಾವಿರ ವರ್ಷಕ್ಕೂ ಹಿಂದೆ. ನೀನು ಮಠವನ್ನೇ ಎತ್ತಿಕೊಂಡು ಬಂದಿದ್ದಿ!"

ಲೋಡರಿನ ವಿಷಯವನ್ನೂ ಹೇಳಿದೆ. ರುಡೊಲ್ಫ್ ನಗಲಿಲ್ಲ. "ಅಲ್ಲ ಪೂವಪ್ಪಣ್ಣ, ಅದು ಹಟ್ಟಿ ಅಲ್ಲ ಅಂತ ತೋರಿಸಲಿಕ್ಕೆ ಆ ಅಜ್ಜನವರ ಹತ್ರ ಇದ್ದದ್ದೇ ಇದೊಂದು. ಶನಿವಾರ ಲೋಡರ್ ಬಂದ್ರೆ ಅವರು ಎಂತ ತೋರಿಸುವುದು?"

ಪೃಥ್ವಿರಾಜ್‌ಗೆ ಫೋನ್ ಮಾಡಿದೆ, ಮಾಡಿದೆ. ದ್ವೀಪದಲ್ಲಿ ಸಿಗ್ನಲ್ ಇರಲಿಲ್ಲ. ಶನಿವಾರಕ್ಕೆ ಮೊದಲು ಬಾರ್ಜೂ ಇರಲಿಲ್ಲ. ಅಷ್ಟು ದಿನ ಹಲಗೆ ನನ್ನ ಪಕ್ಕದಲ್ಲೇ ಇತ್ತು. ರಾತ್ರಿ ಕಣ್ಣು ಮುಚ್ಚಿದರೆ ಸಾಕು, ರೂಮಿನ ಗೋಡೆಗಳು ಮೊಣಕಾಲಿಗಿಳಿಯುತ್ತಿದ್ದವು. ಬೆಡ್ಡುಗಳ ನಡುವೆ ಬರಿಗಾಲಿನವರು ದೀಪ ಹಿಡಿದು ಸಮುದ್ರದ ಕಡೆ ಹೋಗುತ್ತಿದ್ದರು. ಅವರ ಅಂಗಿಯಿಂದ ಉದುರಿದ ಮರಳನ್ನು ಬೆಳಿಗ್ಗೆ ನಾನೇ ಗುಡಿಸಿದ್ದೇನೆ, ಒಂದು ಲಾರಿ ಆಗುವಷ್ಟು.

ಶನಿವಾರದ ಬಾರ್ಜಿನಲ್ಲಿ ಆ ಲೋಡರೂ ನಮ್ಮ ಜೊತೆಗೇ ಬಂತು. ರಜೆ ಹಾಕಿ ಬಂದಿದ್ದ ರುಡೊಲ್ಫ್ ಹಲಗೆಯನ್ನು ಮಗುವಿನಂತೆ ಎದೆಗೊತ್ತಿಕೊಂಡಿದ್ದರು. ಹಿಂದೆ ಆ ಹಳದಿ ಯಂತ್ರ, ಬಾಯಿ ನೆಲಕ್ಕಿಟ್ಟು ಕಾಯುತ್ತಿತ್ತು.

ಅಹ್ಮದ್ ಗೋಡೆಯ ಮೇಲೆ ಕೂತಿದ್ದ. "ಏಳುವುದಿಲ್ಲ ಅಂತಾನೆ ಮಾರಾಯ," ಪೃಥ್ವಿರಾಜ್ ಗೊಣಗಿದ. "ಲೋಡರ್ ಇಳಿಸಿ, ಸದ್ದು ಕೇಳಿದ್ರೆ ಏಳ್ತಾನೆ."

ಲೋಡರ್ ಗುಡುಗಿತು. ಮುದುಕ ಏಳಲಿಲ್ಲ. ನಾನು ಓಡಿದೆ, ಗಾಳಿಯೂ ನನಗಿಂತ ಹಿಂದೆ ಬಿತ್ತು. "ಸರ್, ನಿಲ್ಲಿಸಿ! ಇದು ದೈರ್! ದೇರಾ ಅಲ್ಲ, ದೈರ್!"

ರುಡೊಲ್ಫರ ಕೈಯಲ್ಲಿ ಹಲಗೆ ಕಂಡದ್ದೇ ಮುದುಕ ಎದ್ದು ಅದನ್ನು ತೆಗೆದುಕೊಂಡ. ನನ್ನ ಕಡೆ ನೋಡಲೇ ಇಲ್ಲ. ಅದನ್ನು ಬಾಗಿಲ ಪಕ್ಕದ ಗೋಡೆಯಲ್ಲಿ ಗಾರೆ ಕಿತ್ತುಹೋಗಿದ್ದ ಜಾಗಕ್ಕೆ ಒತ್ತಿ ಹಿಡಿದ. ಗೋಡೆಯಲ್ಲಿ ತುಂಡಾಗಿ ನಿಂತಿದ್ದ ಕೆತ್ತನೆಯ ಬಳ್ಳಿಯೊಂದು ಹಲಗೆಯೊಳಗೆ ನಡೆದುಹೋಯಿತು.

ಪೃಥ್ವಿರಾಜ್ ಆ ಬೆಸುಗೆಯ ಮೇಲೆ ಬೆರಳಾಡಿಸಿದ. ಮತ್ತೊಮ್ಮೆ ಆಡಿಸಿದ. ರುಡೊಲ್ಫ್ ಒಳಗೆ ಹೋಗಿ ಪೂರ್ವದ ಗೋಡೆಗೆ ಮುಖ ಮಾಡಿ ನಿಂತು ಕೊಂಕಣಿಯಲ್ಲಿ ಮೆಲ್ಲಗೆ ಹಾಡತೊಡಗಿದರು. ಲೋಡರಿನವನು ತಾನಾಗಿಯೇ ಎಂಜಿನ್ ಆರಿಸಿದ. ಅಲೆಗಳು ಕೂಡ ದಡಕ್ಕೆ ಬಂದು ತುದಿಗಾಲಲ್ಲಿ ನಿಂತವು.

"ಹಟ್ಟಿ ಅಂತಲೇ ಬರೆದು ಕೊಟ್ಟಿದ್ದೇನಲ್ಲ ನಾನು," ಎಂದ ಪೃಥ್ವಿರಾಜ್, ಯಾರಿಗೂ ಅಲ್ಲದಂತೆ. ಆಮೇಲೆ ಬೂಟಿನಿಂದ ಸುಣ್ಣದ ಗೆರೆಯನ್ನು ಉಜ್ಜುತ್ತಾ ಹೋದ. "ಜನರೇಟರ್ ಆ ಬದಿಗೆ. ಆಫೀಸಿಗೆ ನಾನು ಹೇಳ್ತೇನೆ."

ದೊಡ್ಡವರು ಯಾರೂ ನೋಡಲು ಬರಲಿಲ್ಲ, ಆ ವರ್ಷವೂ, ಮರುವರ್ಷವೂ. ಆದರೆ ಆ ದಿನ ನಾವೇ ಹರಿದ ತಗಡನ್ನು ಎಳೆದು ನನ್ನ ಹಗ್ಗದಿಂದ ಬಿಗಿದೆವು. ನೆರಳು ನೆಲದ ಮೇಲೆ ಹರಡಿತು. ಜನವರಿಯ ಗಾಳಿ ಮೂಗು ಕೊರೆಯುತ್ತಿತ್ತು. ಪೃಥ್ವಿರಾಜ್ ಒಳಗೆ ಕಾಲಿಟ್ಟು ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡ. ನಾವು ನೋಡುತ್ತಿರುವುದು ಗೊತ್ತಾಗಿ, "ಸೆಕೆ ಮಾರಾಯ," ಎಂದ.