ನೆಲ ಒಳಕ್ಕೆ ಎಳೆದಾಗ

ಸುರಂಗದಲ್ಲಿ ಮದ್ದು ಸಿಡಿಸುವುದು ತಮ್ಮನ ಕೆಲಸ. ಅದರಿಂದ ನೆಲ ಎಷ್ಟು ನಡುಗಿತೆಂದು ದೂರದ ಕೋಣೆಯಲ್ಲಿ ಕೂತು ನೋಡುವುದು ಅಕ್ಕನ ಕೆಲಸ. ಸುರಂಗದ ನಾಲ್ಕು ದಿಕ್ಕಿಗೂ ಹೂತಿಟ್ಟ, ನಡುಕ ಅಳೆಯುವ ಡಬ್ಬಿಗಳಿಂದ ಅವಳ ಪರದೆಯ ಮೇಲೆ ನಾಲ್ಕು ಗೆರೆ ಓಡುತ್ತವೆ. ಮದ್ದು ಸುತ್ತಲಿನ ಬಂಡೆಯನ್ನೆಲ್ಲ ಹೊರಕ್ಕೆ ನೂಕುತ್ತದೆ. ಹಾಗಾಗಿ ನಾಲ್ಕೂ ಗೆರೆ ಮೊದಲು ಮೇಲಕ್ಕೇ ಹಾರಬೇಕು. ಆಮೇಲೆ ಬೇಕಾದಷ್ಟು ಕುಣಿಯಲಿ.

ಆ ಬೆಳಿಗ್ಗೆಯೂ ಹಾಗೇ ಹಾರಿದವು. ಅವಳು ಲೋಟಕ್ಕೆ ಚಹಾ ಬಗ್ಗಿಸಿಕೊಂಡಳು. ಹೊಗೆ ಆರುವ ತನಕ ಯಾರೂ ಒಳಗೆ ಹೋಗುವಂತಿಲ್ಲ, ನೆಲಕ್ಕೂ ಅಷ್ಟು ಹೊತ್ತು ಬಿಡುವು.

ಗೆರೆಗಳು ಮತ್ತೆ ಮಿಸುಕಿದವು. ಸಣ್ಣಗೆ. ನಾಲ್ಕೂ ಒಟ್ಟಿಗೆ, ಮೊದಲು ಕೆಳಕ್ಕೆ.

ವೈರು ಅದಲುಬದಲಾಗಿದೆ ಅಂದುಕೊಂಡಳು. ನಿನ್ನೆಯಷ್ಟೇ ಡಬ್ಬಿಗಳ ರಿಪೇರಿ ಆಗಿತ್ತು. ಆದರೆ ಈಗತಾನೇ ಇದೇ ವೈರಿನಲ್ಲಿ ಸಿಡಿತ ಮೇಲಕ್ಕೇ ಬಂದಿತ್ತಲ್ಲ. ಹಾಗಾದರೆ ತಪ್ಪು ವೈರಿನದಲ್ಲ. ನಾಲ್ಕು ದಿಕ್ಕಿನ ನೆಲವೂ ಒಳಕ್ಕೆ ಸರಿದಿತ್ತು, ಯಾರೋ ಕೆಳಗೆ ಕೂತು ಉಸಿರೆಳೆದುಕೊಂಡ ಹಾಗೆ. ಒಳಗೆಲ್ಲೋ ಬಂಡೆಯಲ್ಲಿ ಪೊಳ್ಳಿದೆ, ಅದು ಕುಸಿಯುತ್ತಿದೆ.

ಫೋನಿಗೆ ತಮ್ಮನೇ ಸಿಕ್ಕ. "ಏನಕ್ಕಾ, ನನ್ನ ಪಟಾಕಿ ಜೋರಾಯ್ತಾ?"

"ಒಳಗೆ ಹೋಗ್ಬೇಡ. ಗೆರೆ ಕೆಳಗಿಳೀತಿದೆ."

"ನಿನ್ನ ಗೆರೆ ಇಳಿದಾಗೆಲ್ಲ ನಾನು ಕೈಕಟ್ಟಿ ಕೂತ್ರೆ ಮನೇಲಿ ಒಲೆ ಹತ್ತುತ್ತಾ? ಹೊಗೆ ಆರಿದೆ. ಎಲ್ಲರೂ ಹೆಲ್ಮೆಟ್ ಹಾಕ್ಕೊಂಡು ಸುರಂಗದ ಬಾಯಲ್ಲೇ ನಿಂತಿದ್ದಾರೆ."

"ಚಿಕ್ಕೋನಿದ್ದಾಗ ಬಾವಿಗೆ ಬಗ್ಗಿದ್ದೆ, ಜುಟ್ಟು ಹಿಡಿದು ಎಳೆದೋಳು ನಾನೇ ಕಣೋ. ಈಗ ಕೈ ಎಟುಕಲ್ಲ. ನೀನೇ ನಿಂತ್ಕೋ."

ಅವನು ನಗಲಿಲ್ಲ. "ಅಕ್ಕಾ, ಯಾವಾಗ್ಲೂ ಗಾಳಿ ಸುರಂಗದಿಂದ ಹೊರಗೆ ಬರುತ್ತೆ. ಈಗ ಒಳಗೆ ಹೋಗ್ತಿದೆ. ನನ್ನ ಅಂಗೀನೇ ಎಳೀತಿದೆ."

"ಎಲ್ಲರನ್ನೂ ಹಿಂದಕ್ಕೆ ಕರಿ."

ಅವನು ಕೂಗಿದ್ದು ಕೇಳಿಸಿತು, ಕಾಲುಗಳ ಗದ್ದಲ ಕೇಳಿಸಿತು. ಅಷ್ಟರಲ್ಲಿ ಗೆರೆಗಳು ಪರದೆಯ ತಳ ಮುಟ್ಟಿದವು. ಫೋನಿನಲ್ಲಿ ಮಂದವಾದ ಒಂದು ಸದ್ದು, ಆಮೇಲೆ ಕೆಮ್ಮು.

"ಎಲ್ಲಾ ಹೊರಗಿದ್ದೀವಿ. ಸುರಂಗದ ಬಾಯೇ ಮುಚ್ಚಿಹೋಯ್ತು."

ಅವಳಿಗೆ ಹೋದ ಜೀವ ಬಂದಂತಾಯಿತು. ಲೋಟದ ಚಹಾ ಕೆನೆಗಟ್ಟಿತ್ತು. ಅದನ್ನೆತ್ತುವ ಮೊದಲೇ ಗೆರೆಗಳು ಮತ್ತೆ ತಗ್ಗಿದವು, ಮತ್ತೊಮ್ಮೆ. ಪ್ರತಿ ಸಲವೂ ಪರದೆಯ ಮೂಲೆಯಲ್ಲಿ ಕುಸಿತದ ಆಳ ತೋರುವ ಅಂಕಿ ಚಿಕ್ಕದಾಗುತ್ತಿತ್ತು. ಚಾವಣಿ ಉದುರಿದಷ್ಟೂ ಪೊಳ್ಳು ಮೇಲೇರಿ ಬರುತ್ತಿತ್ತು.

"ಈಗ ಎಲ್ಲಿ ನಿಂತಿದ್ದೀರೋ?"

"ಗುಡ್ಡದ ಮೇಲೆ. ಧೂಳು ತಡೀಲಾರದೆ ಹತ್ತಿಬಿಟ್ವಿ."

ಸುರಂಗ ಆ ಗುಡ್ಡದ ಅಡಿಯಲ್ಲೇ ಇತ್ತು.

"ಇಳೀರಿ. ಓಡಿ."

"ಎಷ್ಟು ದೂರ ಅಕ್ಕಾ?"

"ನಾನು ಸಾಕು ಅನ್ನೋವರೆಗೂ."

ಅವನ ಏದುಸಿರು ಕಿವಿಯಲ್ಲಿ ಬಡಿಯುತ್ತಿತ್ತು. ಅಂಕಿ ಇನ್ನೂ ಚಿಕ್ಕದಾಯಿತು. ಅವಳು ಸಾಕು ಅನ್ನಲಿಲ್ಲ.